ಮೊದಲು ಬಂದವನ ಪೆಟ್ಟಿಗೆ

ನಮ್ಮ ಕಚೇರಿಯ ಬಾಗಿಲನ್ನು ದಿನಾಲು ತೆರೆಯುವವರು ಒಬ್ಬ ಪಟ್ಟೇವಾಲಾ. ವಯಸ್ಸು ಐವತ್ತು ದಾಟಿದೆ, ಮನೆ ಬದಲಾಪುರದಲ್ಲಿ. ಬೆಳಗಿನ ಲೋಕಲ್ ಹಿಡಿದು ಬಂದು, ಎಂಟೂವರೆಗೆಲ್ಲ ಬೀಗ ತೆಗೆದು, ಕಿಟಕಿ ತೆರೆದು, ಕುಡಿಯುವ ನೀರು ತುಂಬಿ, ಹೆಬ್ಬೆರಳಿನ ಹಾಜರಿ ಯಂತ್ರದ ಸ್ವಿಚ್ಚು ಹಾಕುತ್ತಾರೆ. ಆ ಯಂತ್ರಕ್ಕೆ ಎಚ್ಚರವಾಗುವುದಕ್ಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅವರು ಸಾಹೇಬರ ಮೇಜು ಒರೆಸಲು ಒಳಗೆ ಹೋಗಿರುತ್ತಾರೆ. ಯಂತ್ರದ ಮುಂದೆ ನಮ್ಮಂಥ ಕಾರಕೂನರ ಸಾಲು ನಿಂತಿರುತ್ತದೆ. ಸಾಲು ಕರಗಿ, ಸಾಹೇಬರ ಚಹವೂ ಆದ ಮೇಲೆ ಅವರು ಬಂದು ಬೆರಳೊತ್ತುತ್ತಾರೆ. ತಿಂಗಳ ಕೊನೆಗೆ ಪಟ್ಟಿ ಬಂದಾಗ ನೋಡಿದರೆ, ಎಲ್ಲರಿಗಿಂತ ಮೊದಲು ಬರುವ ಆ ಮನುಷ್ಯನಿಗೇ ಎಲ್ಲರಿಗಿಂತ ಹೆಚ್ಚು ಲೇಟ್ ಮಾರ್ಕು!

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಚೇರಿಗೆ ಬರುವವರೆಲ್ಲ ಎಚ್ಚರವಾಗಿರುವ ಯಂತ್ರದ ಮುಂದೆ ಹಾದು ಬರುತ್ತಾರೆಂದು ನಿಯಮ ಮಾಡಿದವರು ಎಣಿಸಿದ್ದರು. ಯಂತ್ರವನ್ನೇ ಎಬ್ಬಿಸುವವನು ಒಬ್ಬನಿರುತ್ತಾನೆಂಬುದು ಅವರ ಎಣಿಕೆಗೆ ಬಂದಿರಲಿಲ್ಲ. ನಾಲ್ಕಾರು ತಿಂಗಳು ಅರ್ಜಿ, ಮರು ಅರ್ಜಿ ನಡೆದು, ಕಡೆಗೆ ಒಂದು ಸಾಲಿನ ಆದೇಶ ಹೊರಟಿತು: ಬೀಗ ತೆಗೆಯುವವರ ಹಾಜರಿಯನ್ನು ಕೀಲಿಕೈ ಪುಸ್ತಕದಲ್ಲಿ ಬರೆದ ವೇಳೆಯಿಂದ ಹಿಡಿಯತಕ್ಕದ್ದು.

ಈ ಸಂಗತಿಯನ್ನು ಒಂದು ರವಿವಾರ ನಾವು ಮನೆಯಲ್ಲಿ ನಗುತ್ತ ಹೇಳುತ್ತಿದ್ದೆವು. ಡೊಂಬಿವಲಿಯಿಂದ ನಮ್ಮ ಅಕ್ಕನ ಮಗ ಬಂದಿದ್ದ. ಐರೋಲಿಯ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸ ಅವನದು. ಅವನು ನಗಲಿಲ್ಲ. “ಮಾಮಾ, ನಮ್ಮ ಲಿನಕ್ಸಿನಾಗೂ ಹಿಂಗ ಆಗಿತ್ತು ನೋಡ್ರಿ. ಒಂದ ಸಲ ಅಲ್ಲ, ಎರಡ ಸಲ,” ಎಂದ. ಬಿ.ಎ. ಓದಿದ ನಮಗೆ ಲಿನಕ್ಸಿನ ಗಂಧ ಎಲ್ಲಿಂದ ಬರಬೇಕು? “ಏನಪಾ ತಮ್ಮಾ, ನಮಗ ತಿಳಿಯೋ ಹಂಗ ಹೇಳು,” ಎಂದೆವು. ಅವನು ಅಡಿಗೆಮನೆಯ ಬಾಗಿಲಲ್ಲೇ ಕೂತು, ದೋಸೆ ತಿನ್ನುತ್ತ, ಎರಡು ತಾಸು ಹೇಳಿದ. ನಮಗೆ ತಿಳಿದಷ್ಟನ್ನು ವಾಚಕರಿಗೆ ಒಪ್ಪಿಸುತ್ತೇವೆ. ವಿಷಯ ಯಂತ್ರದ್ದು, ಆದರೆ ಊರು ಬಿಟ್ಟು ಬಂದ ನಮ್ಮಂಥವರ ಮನೆಗೂ ಅದು ಸಂಬಂಧಪಟ್ಟಿದೆಯೆಂದು ನಮಗೆ ತೋರಿತು.

ಪ್ರತಿಯೊಂದು ಕಂಪ್ಯೂಟರಿನ ಒಳಗೆ ಕಚೇರಿಯ ಹೆಡ್ ಕ್ಲಾರ್ಕನಂತೆ ಒಂದು ಮೂಲ ವ್ಯವಸ್ಥೆ ಇರುತ್ತದೆ. ಯಾವ ಕೆಲಸ ಈಗ ನಡೆಯಬೇಕು, ಯಾವುದು ಕಾಯಬೇಕು, ಯಾರಿಗೆ ಎಷ್ಟು ಜಾಗ ಎಂಬುದನ್ನೆಲ್ಲ ಅದು ನಿರ್ಣಯಿಸುತ್ತದೆ. ಅದಕ್ಕೆ ಕರ್ನೆಲ್ ಎಂದು ಹೆಸರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಬರೆಯತೊಡಗಿದ ಕರ್ನೆಲ್ಲೇ ಲಿನಕ್ಸ್. ಅದು ಯಾರ ಖಾಸಗಿ ಗಂಟೂ ಅಲ್ಲ. ಅದರ ಬರವಣಿಗೆಯನ್ನು ಯಾರೂ ತೆರೆದು ಓದಬಹುದು, ತಪ್ಪು ಕಂಡರೆ ತಿದ್ದುಪಡಿ ಬರೆದು ಕಳಿಸಬಹುದು. ತನಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ವಾಚಕರು ತಮ್ಮ ಕಿಸೆಯನ್ನು ಮುಟ್ಟಿ ನೋಡಿಕೊಳ್ಳಲಿ. ಆಂಡ್ರಾಯ್ಡ್ ಫೋನಿದ್ದರೆ ಅದರ ಒಡಲಲ್ಲಿ ಇರುವುದು ಲಿನಕ್ಸೇ. ಲೋಕಲ್ಲಿನ ಟಿಕೀಟು, ಊರಿನಿಂದ ಬಂದ ತಾಯಿಯ ಫೋಟೋ, ಬ್ಯಾಂಕಿನ ಲೆಕ್ಕ, ಎಲ್ಲ ಅದರ ಕೈಯಿಂದಲೇ ದಾಟಿ ಬರಬೇಕು.

ಹಿಂದೆ ಹೀಗಿರಲಿಲ್ಲ. ನಮ್ಮ ಮುಂಬಯಿಯಲ್ಲೇ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ಕಟ್ಟಿದ ಟಿಫ್ರಾಕ್ ಎಂಬ ಯಂತ್ರ ೧೯೬೦ರಲ್ಲಿ ಕೆಲಸ ಆರಂಭಿಸಿತು. ೧೯೬೨ರಲ್ಲಿ ಅದಕ್ಕೆ ಆ ಹೆಸರನ್ನಿಟ್ಟವರು ಜವಾಹರಲಾಲ ನೆಹರೂ. ಸಾವಿರಾರು ರೇಡಿಯೋ ವಾಲ್ವುಗಳಿದ್ದ ಆ ಯಂತ್ರದ ಸ್ಮರಣೆಯಲ್ಲಿ ಹಿಡಿಸುತ್ತಿದ್ದುದು ೨,೦೪೮ ಪದಗಳು ಮಾತ್ರ. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಲೆಕ್ಕ ಕೊಡಬೇಕು. ಒಬ್ಬರ ಲೆಕ್ಕ ಮುಗಿದ ಮೇಲೆ ಇನ್ನೊಬ್ಬರದು. ಈಗ ಕೈಯೊಳಗಿನ ಫೋನಿನಲ್ಲಿ ನೂರಾರು ಕೆಲಸಗಳು ಒಂದನ್ನೊಂದು ತಡೆದು, ಬಿಟ್ಟು, ಮತ್ತೆ ಹಿಡಿದು ಸಾಗುತ್ತವೆ. ಈ ಒಂದೊಂದು ಕೆಲಸಕ್ಕೂ ಟಾಸ್ಕ್ ಎನ್ನುತ್ತಾರೆ. ನಾವು ಅದನ್ನು ಒಬ್ಬೊಬ್ಬ ಆಳು ಎಂದುಕೊಂಡರೆ ತಿಳಿಯುವುದು ಸುಲಭ.

ಆಳೊಬ್ಬ ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋಗಬೇಕಾದರೆ, ತಾನು ಎಲ್ಲಿ ಬಿಟ್ಟೆನೆಂಬುದನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಗೃಹಿಣಿಯರಿಗೆ ಇದನ್ನು ಹೇಳಿಕೊಡಬೇಕಾದುದೇ ಇಲ್ಲ. ಚಟ್ನಿ ರುಬ್ಬುತ್ತಿರುವಾಗ ಹಾಲು ಉಕ್ಕುತ್ತದೆ. ಹಾಲು ಇಳಿಸುತ್ತಿರುವಾಗ ಬಾಗಿಲ ಗಂಟೆ ಬಾರಿಸುತ್ತದೆ. ಬಾಗಿಲಿಗೆ ಹೋದಾಗ ಫೋನು ಬರುತ್ತದೆ. ಫೋನಿಟ್ಟು ಬಾಗಿಲಿಗೆ, ಬಾಗಿಲಿಂದ ಹಾಲಿಗೆ, ಹಾಲಿನಿಂದ ಚಟ್ನಿಗೆ ಅವರು ಹಿಂದಿರುಗುತ್ತಾರೆ. ಕಡೆಗೆ ಬಂದದ್ದು ಮೊದಲು ಮುಗಿಯಬೇಕು. ಯಂತ್ರದ ಆಳು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲಾರ. ಪ್ರತಿ ಸಲ ಒಂದು ಚೀಟಿಯಲ್ಲಿ ‘ಇಂಥಲ್ಲಿಗೆ ಹಿಂದಿರುಗತಕ್ಕದ್ದು’ ಎಂದು ಬರೆದು ಒಂದರ ಮೇಲೊಂದು ಇಡುತ್ತಾನೆ. ಹಿಂದಿರುಗುವಾಗ ಮೇಲಿನಿಂದ ಒಂದೊಂದೇ ತೆಗೆಯುತ್ತಾನೆ. ಈ ಚೀಟಿಗಳ ಅಟ್ಟಿಗೆ ಸ್ಟ್ಯಾಕ್ ಎಂದು ಹೆಸರು. ಚೀಟಿಯ ಮೇಲೆ ಬರೆದದ್ದಕ್ಕೆ ಅವರ ಭಾಷೆಯಲ್ಲಿಯೂ ‘ಹಿಂದಿರುಗುವ ವಿಳಾಸ’ ಎಂದೇ ಹೇಳುತ್ತಾರಂತೆ. ಆ ಮಾತು ನಮ್ಮ ಕಿವಿಯಲ್ಲಿ ನಿಂತಿತು.

ಕರ್ನೆಲ್ಲಿನೊಳಗೆ ದುಡಿಯುವಾಗ ಪ್ರತಿಯೊಬ್ಬ ಆಳಿಗೂ ಅಟ್ಟಿ ಇಟ್ಟುಕೊಳ್ಳಲು ಒಂದು ಪೆಟ್ಟಿಗೆ ಸಿಗುತ್ತದೆ. ಅದು ಚಾಳಿನ ಕೋಣೆಯಂತೆ ಅಳತೆಯದು. ಸಾಮಾನ್ಯ ಕಂಪ್ಯೂಟರುಗಳಲ್ಲಿ ೨೦೧೪ರಿಂದ ಈಚೆಗೆ ಅದರ ಅಳತೆ ೧೬,೩೮೪ ಬೈಟು. ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟು ಬೇಕಾಗುವುದರಿಂದ, ಆ ಪೆಟ್ಟಿಗೆಯಲ್ಲಿ ಐದು ಸಾವಿರ ಚಿಲ್ಲರೆ ಚಿಹ್ನೆಗಳು ಹಿಡಿಸಿಯಾವು. ಎಂದರೆ ನಮ್ಮ ಪತ್ರಿಕೆಯ ಎರಡು ಮೂರು ಪುಟ. ಪೆಟ್ಟಿಗೆಯ ತಳದಿಂದ ಚೀಟಿಗಳು ಏರುತ್ತ ಬರುತ್ತವೆ. ಮುಚ್ಚಳದ ಕಡೆಗೆ, ಆ ಕಾಲದ ಪದ್ಧತಿಯಂತೆ, ಆಳಿನ ಪರಿಚಯಪತ್ರವನ್ನು ಅಂಟಿಸಿರುತ್ತಿದ್ದರು. ಚೀಟಿಗಳು ಮಿತಿಮೀರಿ ಏರಿದರೆ ಆ ಪರಿಚಯಪತ್ರದ ಮೇಲೆಯೇ ಬರಹ ಬಿದ್ದು ಅದು ಕೆಡುತ್ತದೆ. ಆ ಮೇಲೆ ಆಳು ಯಾರು, ಎಲ್ಲಿಯವನು ಎಂಬುದೇ ತಿಳಿಯದೆ ಇಡೀ ಯಂತ್ರ ತಬ್ಬಿಬ್ಬಾಗಿ ನಿಂತೀತು.

ಇದನ್ನು ಕಂಡುಹಿಡಿಯಲು ೨೦೦೮ರಲ್ಲಿ ಒಂದು ಉಪಾಯ ಮಾಡಿದರು. ಚೀಟಿಗಳು ಏರಬಹುದಾದ ಕಟ್ಟಕಡೆಯ ಜಾಗದಲ್ಲಿ, ಪರಿಚಯಪತ್ರಕ್ಕೆ ತಾಗಿ, ಒಂದು ಅರಗಿನ ಮುದ್ರೆ. ಮುದ್ರೆಯೆಂದರೆ ಗೊತ್ತಾದ ಒಂದು ಸಂಖ್ಯೆ. ಅದರ ಎಂಟು ಚಿಹ್ನೆಗಳನ್ನು ಸ್ವಲ್ಪ ಕಣ್ಣು ಕಿರಿದು ಮಾಡಿ ಓದಿದರೆ ಇಂಗ್ಲಿಷಿನಲ್ಲಿ ‘ಸ್ಟ್ಯಾಕ್ ಎಂಡ್’, ಅಂದರೆ ಅಟ್ಟಿಯ ಕೊನೆ ಎಂದು ಓದಿಕೊಳ್ಳಬಹುದಂತೆ. ಆ ಸಂಖ್ಯೆ ಇದ್ದ ಹಾಗೆಯೇ ಇದ್ದರೆ ಚೀಟಿಗಳು ಮಿತಿಯಲ್ಲಿವೆ, ಬದಲಾಗಿದ್ದರೆ ಮೀರಿವೆ. ಇಂಥ ಮುದ್ರೆಗೆ ಅವರಲ್ಲಿ ಕ್ಯಾನರಿ ಎಂಬ ಅಡ್ಡಹೆಸರುಂಟು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ವಿಷವಾಯುವನ್ನು ಮೊದಲೇ ತಿಳಿಯಲು ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ೧೯೮೬ರಲ್ಲಿ ಆ ಪದ್ಧತಿಯನ್ನು ಬಿಡತೊಡಗಿದರು. ಹಕ್ಕಿ ಬಿದ್ದರೆ ಮನುಷ್ಯರು ಓಡಬೇಕು. ಅದರ ನೆನಪು ಈ ಹೆಸರಿನಲ್ಲಿ ಉಳಿದಿದೆ.

ಇಷ್ಟೆಲ್ಲ ಸರಿಯಾಯಿತು. ಆದರೆ ಮುದ್ರೆ ಒತ್ತುವುದು ಎಲ್ಲಿ? ಇಲ್ಲಿಯೇ ನಮ್ಮ ಪಟ್ಟೇವಾಲಾರ ಕಥೆ ಬಂತು.

ಲಿನಕ್ಸಿನಲ್ಲಿ ಹೊಸ ಆಳು ಹುಟ್ಟುವುದು ಇದ್ದವನ ನಕಲಾಗಿ. ಒಬ್ಬನನ್ನು ನೋಡಿ ಇನ್ನೊಬ್ಬನನ್ನು ಮಾಡುವ ಆ ಕ್ರಮಕ್ಕೆ ಫೋರ್ಕ್ ಎನ್ನುತ್ತಾರೆ. ಪೆಟ್ಟಿಗೆ ಕೊಡುವುದು, ಪರಿಚಯಪತ್ರ ಅಂಟಿಸುವುದು, ಮುದ್ರೆ ಒತ್ತುವುದು ಎಲ್ಲ ಆ ಬಾಗಿಲಲ್ಲೇ. ಆದರೆ ಮೊಟ್ಟಮೊದಲನೆಯವನಿಗೆ ಯಾರ ನಕಲು? ಅವನಿಗಿಂತ ಹಿಂದೆ ಯಾರೂ ಇಲ್ಲ. ಆದುದರಿಂದ ಅವನನ್ನು ಕೈಯಾರೆ ಬರೆದಿಟ್ಟಿರುತ್ತಾರೆ. ಯಂತ್ರ ಎಚ್ಚರವಾಗುವಾಗಲೇ ಅವನು ತಯಾರಾಗಿ ಕೂತಿರುತ್ತಾನೆ. ಅವನ ಅಂಕ ಸೊನ್ನೆ. “ಅಂವಗ ಬಾಗಿಲಾ ತಗದವರು ಯಾರೂ ಇಲ್ಲ ಮಾಮಾ, ಅದಕ್ಕ ಅಂವನ ಪೆಟ್ಟಿಗೀಗೆ ಮುದ್ರಿ ಹೊಡದವರೂ ಇಲ್ಲ,” ಎಂದ ನಮ್ಮ ಹುಡುಗ. ಹೀಗೆ ೨೦೦೮ರಿಂದ ೨೦೧೪ರ ವರೆಗೆ, ಆರು ವರ್ಷ, ಎಲ್ಲ ಆಳುಗಳ ಪೆಟ್ಟಿಗೆಗೂ ಮುದ್ರೆ ಇತ್ತು. ಮೊದಲು ಬಂದವನ ಪೆಟ್ಟಿಗೆಗೆ ಮಾತ್ರ ಇರಲಿಲ್ಲ.

ಇದು ತಿಳಿಯದೆ ಹೇಗೆ ಇಷ್ಟು ದಿನ ನಡೆಯಿತು ಎಂದರೆ, ಮುದ್ರೆಯನ್ನು ನೋಡುತ್ತಿದ್ದುದು ಯಂತ್ರ ಮುಗ್ಗರಿಸಿ ಬಿದ್ದ ಮೇಲೆ, ಪಂಚನಾಮೆಯ ಹೊತ್ತಿಗೆ. ೨೦೧೪ರಲ್ಲಿ ಏರನ್ ಟಾಮ್ಲಿನ್ ಎಂಬವರು, ಬೇಕೆಂದವರು ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಬಹುದಾದ ಒಂದು ಹೊಸ ತಪಾಸಣೆಯನ್ನು ಸೂಚಿಸಿದರು: ಒಬ್ಬ ಆಳಿನಿಂದ ಇನ್ನೊಬ್ಬನಿಗೆ ಕೆಲಸ ಬದಲಾಗುವಾಗಲೆಲ್ಲ ಮುದ್ರೆಯನ್ನು ನೋಡತಕ್ಕದ್ದು, ಕೆಟ್ಟಿದ್ದರೆ ಯಂತ್ರವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಕೆಟ್ಟ ಲೆಕ್ಕದಿಂದ ಮುಂದುವರಿಯುವುದಕ್ಕಿಂತ ನಿಲ್ಲುವುದು ಮೇಲಲ್ಲವೆ? ಆದರೆ ತಪಾಸಣೆಗಾರ ಬಂದಾಗ ಮುದ್ರೆ ಒಡೆದಿದೆಯೋ, ಮೊದಲಿಂದಲೇ ಇರಲಿಲ್ಲವೋ ಎಂಬ ಭೇದ ಅವನಿಗೆ ಹೇಗೆ ತಿಳಿಯಬೇಕು? ಇಲ್ಲದ ಮುದ್ರೆಯೂ ಒಡೆದ ಮುದ್ರೆಯಂತೆಯೇ. ಯಾವ ತಪ್ಪನ್ನೂ ಮಾಡದ ಮೊದಲನೆಯವನೇ ಮೊದಲ ಅಪರಾಧಿಯಾಗಿ ನಿಲ್ಲಬೇಕಾಗುತ್ತಿತ್ತು, ನಮ್ಮ ಪಟ್ಟೇವಾಲಾರಂತೆ.

ಅದಕ್ಕೆ ಟಾಮ್ಲಿನ್ ಅವರು ತಪಾಸಣೆಯ ಜತೆಗೇ ಇನ್ನೊಂದು ತಿದ್ದುಪಡಿ ಕಳಿಸಿದರು. ಮುದ್ರೆ ಒತ್ತುವ ಕೆಲಸವನ್ನು ಬಾಗಿಲಿನ ಲೆಕ್ಕದಿಂದ ಹೊರತಂದು, ಯಾರು ಬೇಕಾದರೂ ಕರೆಯಬಹುದಾದ ಒಂದು ಪ್ರತ್ಯೇಕ ಕ್ರಿಯೆಯನ್ನಾಗಿ ಮಾಡಿ, ಯಂತ್ರ ಏಳುತ್ತಿರುವಾಗಲೇ ಮೊದಲನೆಯವನ ಪೆಟ್ಟಿಗೆಗೂ ಅದನ್ನು ಒತ್ತುವ ಹಾಗೆ ಬರೆದರು. ಆ ವರ್ಷದ ಡಿಸೆಂಬರಿನಲ್ಲಿ ಹೊರಬಂದ ೩.೧೮ನೆಯ ಆವೃತ್ತಿಯಲ್ಲಿ ಅದು ಸೇರಿತು. ನಮ್ಮ ಹುಡುಗ ಲ್ಯಾಪ್‌ಟಾಪು ತೆರೆದು ಈಚಿನ ಆವೃತ್ತಿಯೊಂದನ್ನು ತೋರಿಸಿದ. ಕರ್ನೆಲ್ಲಿನ ಮುಖ್ಯ ಆರಂಭವೆಂದು ಹೇಳುವ ಭಾಗದಲ್ಲಿ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸವೇ ಇದು: ಮೊದಲನೆಯವನ ಪೆಟ್ಟಿಗೆಗೆ ಮುದ್ರೆ. ಬೇರೆ ಎಲ್ಲ ಏರ್ಪಾಡು ಆಮೇಲೆ. ಆ ಒಂದು ಸಾಲನ್ನು ನೋಡಿ, ಏನೂ ಅರ್ಥವಾಗದಿದ್ದರೂ, ನಮಗೆ ಒಂದು ಬಗೆಯ ಸಮಾಧಾನವಾಯಿತು.

ಇದು ಪೆಟ್ಟಿಗೆಯ ಮುಚ್ಚಳದ ಕಡೆಯ ಕಥೆ. ಎರಡನೆಯದು ತಳದ ಕಡೆಯದು.

ಹೊರಗಿನ ಕೆಲಸದಿಂದ ಆಳು ಕರ್ನೆಲ್ಲಿನೊಳಗೆ ಬಂದಾಗ, ತಾನು ಹೊರಗೆ ಏನು ಮಾಡುತ್ತಿದ್ದನೆಂಬುದರ ವಿವರವನ್ನು ಒಂದು ನಮೂನೆಯಲ್ಲಿ ತುಂಬಿ ಪೆಟ್ಟಿಗೆಯ ತಳದಲ್ಲಿ ಇಡುತ್ತಾನೆ. ಸಾಮಾನ್ಯ ೬೪ ಬಿಟ್ಟಿನ ಯಂತ್ರದಲ್ಲಿ ಆ ನಮೂನೆಗೆ ೨೧ ಕಾಲಮು, ಒಟ್ಟು ೧೬೮ ಬೈಟು. ಅದರ ಮೇಲೆ ಚೀಟಿಗಳು. ಹೀಗೆ ಹೆಚ್ಚುಕಡಿಮೆ ಎಲ್ಲರ ಅಟ್ಟಿಯೂ ತಳದಿಂದ ಒಂದೇ ಅಂತರದಲ್ಲಿ ಆರಂಭವಾಗುತ್ತದೆ. ಮೇಲಿನಿಂದ ಚೀಟಿ ಓದುತ್ತ ಇಳಿಯುವ ತಪಾಸಣೆಗಾರನಿಗೆ ನಮೂನೆ ಸಿಕ್ಕಿತೆಂದರೆ ಅಟ್ಟಿ ಪೂರ್ತಿಯಾಗಿದೆ, ನಡುವೆ ಯಾವ ಚೀಟಿಯೂ ಕಳೆದಿಲ್ಲ ಎಂದು ತಿಳಿಯುತ್ತದೆ. ದಾದರ ಸ್ಟೇಶನ್ನಿನಲ್ಲಿ ಹುಬ್ಬಳ್ಳಿಯ ಗಾಡಿಗೆ ನೆಂಟರನ್ನು ಏರಿಸಿ ನಿಂತಾಗ ವಾಚಕರು ಕಂಡಿರಬಹುದು: ಕಟ್ಟಕಡೆಯ ಡಬ್ಬಿಯ ಬೆನ್ನಿಗೆ ದೊಡ್ಡ ಗುಣಾಕಾರದ ಗುರುತಿರುತ್ತದೆ. ಆ ಗುರುತು ದಾಟಿ ಹೋದರೆ ಗಾಡಿ ಪೂರ್ತಿ ಹೋಯಿತೆಂದು ಸ್ಟೇಶನ್ನಿನವರಿಗೆ ಖಾತ್ರಿ. ಗುರುತು ಕಾಣದಿದ್ದರೆ ಡಬ್ಬಿಯೊಂದು ದಾರಿಯಲ್ಲಿ ಕಳಚಿ ಉಳಿದಿದೆಯೆಂಬ ಸಂಶಯ.

ಮೊದಲನೆಯವನು ಹೊರಗಿನಿಂದ ಬಂದವನೇ ಅಲ್ಲ, ಒಳಗೇ ಹುಟ್ಟಿದವನು. ತುಂಬಲು ಅವನಿಗೆ ನಮೂನೆಯಿಲ್ಲ. ಆದುದರಿಂದ ಅದಕ್ಕೆ ಜಾಗವನ್ನೂ ಬಿಟ್ಟಿರಲಿಲ್ಲ. ಅವನ ಚೀಟಿಗಳು ತಳದಿಂದಲೇ ಆರಂಭವಾಗುತ್ತಿದ್ದುವು. ಅಷ್ಟೇ ಅಲ್ಲ, ಅವನ ಕಟ್ಟತಳದ ಚೀಟಿಯಲ್ಲಿ ಹಿಂದಿರುಗುವ ವಿಳಾಸದ ಕಡೆ ಬರೀ ಸೊನ್ನೆ ಇತ್ತು. ಹೇಗೂ ಅವನು ಅಲ್ಲಿಗೆ ಹಿಂದಿರುಗುವವನಲ್ಲ, ಬರೆದೇನು ಮಾಡುವುದು ಎಂಬುದು ಅದರ ಹಿಂದಿನ ತರ್ಕವಾಗಿ ತೋರುತ್ತದೆ.

೨೦೧೬ರಲ್ಲಿ ಜಾಶ್ ಪೋಯಿಂಬೋಫ್ ಎಂಬವರು ಇವೆರಡನ್ನೂ ತಿದ್ದಿದರು. ತುಂಬುವ ನಮೂನೆ ಇಲ್ಲದಿದ್ದರೂ ಆ ೧೬೮ ಬೈಟಿನ ಜಾಗವನ್ನು ಮೊದಲನೆಯವನ ಪೆಟ್ಟಿಗೆಯಲ್ಲಿಯೂ ಬಿಡಬೇಕು. ತಳದ ಚೀಟಿಯಲ್ಲಿ ಸೊನ್ನೆಯ ಬದಲು ನಿಜವಾದ ವಿಳಾಸವನ್ನು ಬರೆಯಬೇಕು. ಅವನು ಅಲ್ಲಿಗೆ ಹೋಗುವುದಿಲ್ಲವೆಂಬುದು ಖರೆ. ಆದರೆ ಆಮೇಲೆ ಬಂದು ಓದುವವನಿಗೆ ಅವನು ಯಾವ ದಾರಿಯಿಂದ ಬಂದನೆಂಬುದು ತಿಳಿಯಬೇಕಲ್ಲ? ಸೊನ್ನೆ ಆ ದಾರಿಯನ್ನು ಮುಚ್ಚಿಡುತ್ತದೆ. ಓದುವವನನ್ನು ಗೊಂದಲದಲ್ಲಿಯೂ ಕೆಡವುತ್ತದೆ.

ಇದರಿಂದ ಯಾರಿಗೇನು ಲಾಭ ಎಂದು ನಾವು ಕೇಳಿದೆವು. ಉತ್ತರ ಮುಂಬಯಿಯವರಿಗೆ ಕೂಡಲೆ ತಿಳಿಯುವಂಥದು. ನಮ್ಮ ರೇಲ್ವೆಯವರು ಹಳಿ ರಿಪೇರಿಗೆ ರವಿವಾರ ಮೆಗಾಬ್ಲಾಕ್ ಮಾಡುತ್ತಾರೆ. ನಾವು ಗೊಣಗುತ್ತ ಬಸ್ಸು ಹಿಡಿಯುತ್ತೇವೆ. ಆದರೆ ಆಸ್ಪತ್ರೆಯ, ಬ್ಯಾಂಕಿನ ಯಂತ್ರಗಳಿಗೆ ರವಿವಾರವೆಲ್ಲಿದೆ? ಅವು ಓಡುತ್ತಿರುವಾಗಲೇ ಕರ್ನೆಲ್ಲಿನ ಕೆಟ್ಟ ಭಾಗವನ್ನು ತೆಗೆದು ಒಳ್ಳೆಯದನ್ನು ಕೂಡಿಸುವ ವಿದ್ಯೆ ೨೦೧೫ರಿಂದ ಲಿನಕ್ಸಿನಲ್ಲಿ ಬಂದಿದೆ. ಹಳಿಯನ್ನು ಬದಲಿಸುವ ಮೊದಲು ಅದರ ಮೇಲೆ ಯಾವ ಗಾಡಿಯೂ ನಿಂತಿಲ್ಲವೆಂದು ನೋಡಬೇಕಷ್ಟೆ. ಹಾಗೆಯೇ, ಬದಲಿಸುವ ಭಾಗದ ನಡುವೆ ಯಾವ ಆಳೂ ಇಲ್ಲವೆಂದು ಅವರ ಚೀಟಿಗಳ ಅಟ್ಟಿಯನ್ನು ಓದಿಯೇ ತಿಳಿಯಬೇಕು. ಹೀಗೆ ಅಟ್ಟಿಯನ್ನು ಓದಿ ಖಾತ್ರಿ ಮಾಡಿಕೊಳ್ಳುವ ಕ್ರಮ ೨೦೧೭ರಲ್ಲಿ ಸೇರಿತು. ಓದಿದ್ದು ನಂಬುವಂತಿರದಿದ್ದರೆ ರಿಪೇರಿಗೆ ಕೈಹಾಕುವಂತಿಲ್ಲ. ಅಟ್ಟಿಗಳೆಲ್ಲ ಒಂದೇ ಕ್ರಮದಲ್ಲಿರಬೇಕೆಂಬ ಹಟ ಸುಮ್ಮನೆ ಬಂದದ್ದಲ್ಲ.

ಪವಯಿಯ ಐ.ಐ.ಟಿ.ಯಲ್ಲಿ ಈ ವಿದ್ಯೆಯನ್ನು ಕಲಿಸಲು ಬಳಸಿದ ಒಂದು ಚಿಕ್ಕ ಕರ್ನೆಲ್ಲಿನ ಮಾತನ್ನೂ ನಮ್ಮ ಹುಡುಗ ಹೇಳಿದ. ಅದರ ಹೆಸರು ಎಕ್ಸ್‌ವಿ ಸಿಕ್ಸ್, ಅಮೇರಿಕೆಯ ಎಂ.ಐ.ಟಿ.ಯಲ್ಲಿ ೨೦೦೬ರಲ್ಲಿ ಪಾಠಕ್ಕೆಂದೇ ಬರೆದದ್ದು. ಅದರಲ್ಲಿ ಪೆಟ್ಟಿಗೆ ಕೊಡುವ ಬಾಗಿಲು ಒಂದೇ. ಮೊದಲ ಆಳೂ ಅದರಿಂದಲೇ ಬರಬೇಕು, ಆಮೇಲಿನವರೂ ಅದರಿಂದಲೇ. ಮೊದಲನೆಯವನು ಎಲ್ಲಿಗೂ ಹೋಗಿಬಂದವನಲ್ಲದಿದ್ದರೂ, ಎಲ್ಲಿಂದಲೋ ಬಂದು ಈಗ ಹಿಂದಿರುಗುತ್ತಿದ್ದಾನೆಂಬಂತೆ ಅವನ ನಮೂನೆಯನ್ನು ತುಂಬಿಡುತ್ತಾರೆ. ಹುಡುಗರ ಪಾಠದ ಕರ್ನೆಲ್ಲಿನಲ್ಲಿ ಸರಿಯಾಗಿದ್ದದ್ದು, ಲೋಕಕ್ಕೆಲ್ಲ ದುಡಿಯುವ ಕರ್ನೆಲ್ಲಿನಲ್ಲಿ ಎರಡು ಕಂತಿನಲ್ಲಿ ಸರಿಯಾಗಬೇಕಾಯಿತು. ದೊಡ್ಡ ಮನೆಯಲ್ಲಿ ಹೀಗಾಗುವುದುಂಟು. ಚಿಕ್ಕದನ್ನು ಒಬ್ಬರು ಕೂತು ಒಮ್ಮೆಲೆ ಬರೆಯುತ್ತಾರೆ. ದೊಡ್ಡದು ಬೆಳೆಯುತ್ತ ಹೋಗುತ್ತದೆ, ನಿಯಮಗಳು ಆಮೇಲೆ ಬರುತ್ತವೆ. ನಿಯಮ ಬರುವ ಮೊದಲೇ ಒಳಗೆ ಬಂದು ಕೂತವನನ್ನು ಯಾರೂ ಹಿಂದಿರುಗಿ ನೋಡುವುದಿಲ್ಲ.

ಆ ಮೊದಲನೆಯವನು ಮುಂದೆ ಏನಾಗುತ್ತಾನೆಂದು ವಾಚಕರು ಕೇಳಬಹುದು. ಅವನು ಯಂತ್ರವನ್ನೆಲ್ಲ ಎಬ್ಬಿಸಿ, ಗಡಿಯಾರ ನಡೆಯಿಸಿ, ಸ್ಮರಣೆಯ ಜಾಗವನ್ನು ಹಂಚಿ, ಕಡೆಗೆ ಇಬ್ಬರನ್ನು ಹುಟ್ಟಿಸುತ್ತಾನೆ. ಒಬ್ಬನ ಅಂಕ ಒಂದು, ಇನ್ನೊಬ್ಬನದು ಎರಡು. ಉಳಿದ ಸಂಸಾರವೆಲ್ಲ ಆ ಇಬ್ಬರಿಂದ ಬೆಳೆಯುತ್ತದೆ. ಆ ಮೇಲೆ ಅವನು ಬದಿಗೆ ಸರಿದು ಕೂಡುತ್ತಾನೆ. ಬೇರೆ ಯಾರಿಗೂ ಕೆಲಸವಿಲ್ಲದ ಗಳಿಗೆಯಲ್ಲಿ ಮಾತ್ರ ಅವನ ಸರದಿ. ಆಗ ಅವನು ಯಂತ್ರಕ್ಕೆ ವಿಶ್ರಾಂತಿ ಕೊಡುತ್ತಾನೆ. ನಮ್ಮ ಫೋನು ಕಿಸೆಯಲ್ಲಿ ತಣ್ಣಗಿರುವುದು ಅಂಥ ವಿಶ್ರಾಂತಿಯಿಂದಲೇ. ಅವನಿಗೆ ‘ಸ್ವಾಪರ್’ ಎಂದು ಹೆಸರು. ಹಳೆಯ ಯುನಿಕ್ಸ್ ಕಾಲದಲ್ಲಿ ಸೊನ್ನೆ ಅಂಕದವನು ಕೆಲಸಗಳನ್ನು ಡಿಸ್ಕಿಗೆ ಸಾಗಿಸಿ ಮರಳಿ ತರುತ್ತಿದ್ದುದರಿಂದ ಬಂದ ಹೆಸರು. ಆ ಉದ್ಯೋಗ ಹೋಯಿತು, ಹೆಸರು ಉಳಿಯಿತು. ಚರ್ಚ್‌ಗೇಟಿನಲ್ಲಿ ಈಗ ಯಾವ ಗೇಟಿದೆ? ಕೋಟೆಯ ಗೋಡೆ ೧೮೬೦ರ ದಶಕದಲ್ಲೇ ಬಿತ್ತು. ನಾವು ಈಗಲೂ ಚರ್ಚ್‌ಗೇಟ್ ಲೋಕಲ್ ಎಂದೇ ಹತ್ತುತ್ತೇವೆ.

ಇದನ್ನು ಕೇಳುತ್ತಿರುವಾಗ ನಮಗೆ ನಮ್ಮ ಅಜ್ಜ ನೆನಪಾದರು. ಅವರ ಕೊನೆಯ ವರ್ಷಗಳು ಪರಳದ ಚಾಳಿನ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಒಂದು ಕುರ್ಚಿಯಲ್ಲಿ ಕಳೆದವು. ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಮನೆ ಅವರ ವಶ. ನಮ್ಮ ಮನೆತನದಲ್ಲಿ ಮುಂಬಯಿಗೆ ಮೊದಲು ಬಂದವರು ಅವರು. ಬೆಟಗೇರಿಯ ಮಗ್ಗದ ಮನೆಯಿಂದ ಹೊರಟು, ಆ ಕಾಲದ ಮೀಟರ್ ಗೇಜಿನ ಗಾಡಿಯಲ್ಲಿ ಪುಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಬೋರಿಬಂದರಿಗೆ ಇಳಿದು, ಗಿರಣಿ ಸೇರಿದರು. ಅವರ ಹಿಂದೆ ಬಂದ ತಮ್ಮಂದಿರು, ಅಳಿಯಂದಿರು, ಊರ ಹುಡುಗರು ಎಲ್ಲರ ಕಾಗದ ಪತ್ರಗಳೂ ನಮ್ಮಲ್ಲಿವೆ. ಶಾಲೆಯ ದಾಖಲೆಯಿಂದ ಹಿಡಿದು ರೇಶನ್ ಕಾರ್ಡಿನ ತನಕ ಎಲ್ಲದರ ಮೇಲೂ ‘ಕೇರ್ ಆಫ್’ ಎಂದು ಅಜ್ಜನ ಹೆಸರು. ಅಜ್ಜ ಯಾರ ಕೇರ್ ಆಫ್ ಬಂದರು?

ಅದು ಯಾರಿಗೂ ಗೊತ್ತಿಲ್ಲ. ಕೆಲವು ವರ್ಷಗಳ ಹಿಂದೆ ಚಾಳನ್ನು ಕೆಡವಿ ಕಟ್ಟುವ ಮಾತು ಬಂದಾಗ ಒಂದು ಕಚೇರಿಯಲ್ಲಿ, ಕೋಣೆಯನ್ನು ಮೊದಲು ಹಿಡಿದವರು ಯಾರು, ಎಂದಿನಿಂದ ಎಂಬ ಕಾಗದ ಕೇಳಿದರು. ಅಜ್ಜನ ತಮ್ಮಂದಿರು ಎಂದು ಬಂದರೆಂಬುದಕ್ಕೆ ಕಾಗದವಿತ್ತು. ಅವರು ಯಾರ ಮನೆಯಲ್ಲಿ ಇಳಿದರೋ ಆ ಮನುಷ್ಯನಿಗೆ ಇರಲಿಲ್ಲ. ಹೇಗೋ ಆ ಕೆಲಸ ಪೂರೈಸಿತು. ಅದರ ಪುರಾಣ ಇಲ್ಲಿ ಬೇಡ. ಆದರೆ ಆ ದಿನ ಅಪ್ಪ ಟ್ರಂಕಿನ ಮುಂದೆ ಕೂತು ಕಾಗದಗಳನ್ನು ಮೇಲಿನಿಂದ ಒಂದೊಂದಾಗಿ ತೆಗೆಯುತ್ತ ತೆಗೆಯುತ್ತ ತಳ ಮುಟ್ಟಿದ್ದನ್ನು ನಾವು ಕಂಡಿದ್ದೇವೆ. ತಳದಲ್ಲಿ ಏನೂ ಇರಲಿಲ್ಲ. ಬಂದ ವರ್ಷ ೧೯೪೮ ಎಂದು ಅಪ್ಪ, ೧೯೫೦ ಎಂದು ಸೋದರತ್ತೆ. ಮೊದಲ ರಾತ್ರಿ ಮಲಗಿದ್ದು ಸ್ಟೇಶನ್ನಿನಲ್ಲಿಯೋ, ಯಾವನೋ ಊರವನ ಕೋಲಿಯಲ್ಲಿಯೋ, ಅದೂ ಇಬ್ಬರಿಗೂ ತಿಳಿಯದು.

ಅಜ್ಜನನ್ನು ಕೇಳಬಹುದಾಗಿತ್ತು. ಹದಿನೈದು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದರು. ಅವರ ಮುಂದೆಯೇ ದಾಟಿ ನಾವು ಕಾಲೇಜಿಗೆ ಹೋಗುತ್ತಿದ್ದೆವು. ಹೊಸದಾಗಿ ಬಂದವರನ್ನೆಲ್ಲ ‘ಯಾವೂರು, ಯಾರ ಪೈಕಿ, ಎಂದು ಬಂದಿರಿ’ ಎಂದು ವಿಚಾರಿಸುವ ನಾವು, ಅವರನ್ನು ವಿಚಾರಿಸಲಿಲ್ಲ. ಅನಾದರದಿಂದಲ್ಲ. ಅವರು ಮೊದಲಿನಿಂದ ಅಲ್ಲಿಯೇ ಇದ್ದವರು ಎಂಬ ಭಾವನೆ ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ವಿಚಾರಣೆಯೆಲ್ಲ ಬಾಗಿಲಿನಿಂದ ಬಂದವರಿಗೆ. ಬಾಗಿಲು ತೆಗೆದವರಿಗೆ ಅಲ್ಲ. ಲಿನಕ್ಸಿನವರು ಆರು ವರ್ಷದ ಮೇಲಾದರೂ ತಿದ್ದಿಕೊಂಡರು. ನಮ್ಮ ಅಜ್ಜನ ಚೀಟಿಯಲ್ಲಿ ಆ ಸೊನ್ನೆ ಹಾಗೆಯೇ ಉಳಿದಿದೆ, ಇನ್ನು ತುಂಬುವವರಿಲ್ಲ.

ಅದಕ್ಕೇ ವಾಚಕರಲ್ಲಿ ನಮ್ಮದೊಂದು ವಿನಂತಿ. ತಮ್ಮ ಮನೆಯಲ್ಲಿ, ನೆರೆಯಲ್ಲಿ, ಈ ನಗರಕ್ಕೆ ಮೊದಲು ಬಂದವರು ಇನ್ನೂ ಇದ್ದರೆ, ಬರುವ ರವಿವಾರ ಅವರ ಹತ್ತಿರ ಅರ್ಧ ತಾಸು ಕೂತುಕೊಳ್ಳಿರಿ. ಯಾವ ವರ್ಷ ಬಂದಿರಿ, ಯಾವ ಗಾಡಿ, ಯಾವ ಸ್ಟೇಶನ್ನಿನಲ್ಲಿ ಇಳಿದಿರಿ, ಮೊದಲ ರಾತ್ರಿ ಎಲ್ಲಿ ತಂಗಿದಿರಿ, ಮೊದಲ ಪಗಾರು ಎಷ್ಟು ಎಂದು ಕೇಳಿ ಬರೆದುಕೊಳ್ಳಿರಿ. ಊರಿನ ವಿಳಾಸವನ್ನು ಓಣಿಯ ಹೆಸರಿನ ಸಹಿತ ಪೂರ್ತಿ ಬರೆಯಿರಿ. ಅಲ್ಲಿ ಈಗ ಮನೆ ಇಲ್ಲ, ಹಿಂದಿರುಗುವವರೂ ಇಲ್ಲ ಎಂದು ಅವರು ಹೇಳಿಯಾರು, ಆದರೂ ಬರೆಯಿರಿ. ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಮೊದಲು ಬಂದ ಗಂಡಸಿನ ಹೆಸರಾದರೂ ಎಲ್ಲಿಯೋ ಇರುತ್ತದೆ. ಅವನ ಹಿಂದೆ ಬಂದು ಆ ಹತ್ತಡಿಯ ಕೋಣೆಯಲ್ಲಿ ಒಲೆ ಹೂಡಿದ ಅಜ್ಜಿ ಯಾವ ಊರ ಮಗಳೆಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ಅವರು ಇಲ್ಲದಿದ್ದರೆ ತಿಳಿದವರನ್ನು ಕೇಳಿರಿ. ಯಾರಿಗೂ ತಿಳಿಯದಿದ್ದರೆ ಜಾಗವನ್ನಾದರೂ ಖಾಲಿ ಬಿಡಿರಿ. ಅಲ್ಲಿ ಒಬ್ಬರಿದ್ದರು ಎಂದು ಮುಂದಿನವರಿಗೆ ತಿಳಿಯಲಿ.

ನಾವೂ ಒಂದು ನೋಟುಬುಕ್ಕು ತಂದಿದ್ದೇವೆ. ಮೊದಲ ಪುಟದಲ್ಲಿ ಅಜ್ಜನ ಹೆಸರು ಬರೆದು, ಊರು ಬೆಟಗೇರಿ ಎಂದು ಬರೆದು, ವರ್ಷದ ಜಾಗ ಬಿಟ್ಟಿದ್ದೇವೆ. ಎರಡನೆಯ ಪುಟಕ್ಕಾಗಿ ಅಪ್ಪನನ್ನು ಕೇಳುವುದು ಇದೆ.

ಇನ್ನು ನಮ್ಮ ಪಟ್ಟೇವಾಲಾರ ಸುದ್ದಿ. ಆದೇಶ ಬಂದ ಮೇಲೆ ಅವರಿಗೆ ಲೇಟ್ ಮಾರ್ಕು ಬೀಳುವುದಿಲ್ಲ. ಕೀಲಿಕೈ ಪುಸ್ತಕದಲ್ಲಿ ದಿನಾಲು ವೇಳೆ ಬರೆದು ಮರಾಠಿಯಲ್ಲಿ ಸಹಿ ಮಾಡುತ್ತಾರೆ. ಕಳೆದ ಸಲ ನಾವು ನೋಡಿದಾಗ ಪುಸ್ತಕದ ಹೊದಿಕೆಗೆ ಕಂದು ಬಣ್ಣದ ಕಾಗದ ಹಾಕಿ, ದಾರ ಕಟ್ಟಿ, ಜೋಪಾನವಾಗಿ ಇಟ್ಟುಕೊಂಡಿದ್ದರು.